ಬಾಯಿ ಹೋದರೆ ಹೋಗಲಿ, ಬೆನ್ನು ಮುರಿಯಬಾರದು

ಮೇ ತಿಂಗಳ ಕೊನೆಯ ವಾರ ಬಂತೆಂದರೆ ಕೊಡಗಿನ ನಮ್ಮ ಸುಂಟಿಕೊಪ್ಪದ ಕಡೆ ಎಲ್ಲರ ಕಣ್ಣೂ ಆಕಾಶದ ಮೇಲೆ. ಮಳೆ ಹಿಡಿಯುವುದರೊಳಗೆ ಮೆಣಸಿನ ಬಳ್ಳಿಗೆ ಬೋರ್ಡೋ, ಅಂದರೆ ಮೈಲುತುತ್ತ ಮತ್ತು ಸುಣ್ಣ ಕಲಸಿದ ರೋಗದ ಮದ್ದು, ಹೊಡೆದು ಮುಗಿಸಬೇಕು. ಮಳೆ ಶುರುವಾದ ಮೇಲೆ ಹೊಡೆದದ್ದೆಲ್ಲ ಹೊಳೆಪಾಲು. ಮೂರು ವರ್ಷದ ಹಿಂದೆ ಅಂಥದೊಂದು ಬೆಳಗ್ಗೆ ನಾನು ಒಂದು ಡ್ರಮ್ಮಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದೆ. ಹಿಂದಿನ ವರ್ಷ ಉಳಿದಿದ್ದ ಮೈಲುತುತ್ತವನ್ನು (ಕಾಪರ್ ಸಲ್ಫೇಟ್) ಅದರಲ್ಲಿ ಹಾಕಿ, ಮುಚ್ಚಳಕ್ಕೆ ಕಬ್ಬಿಣದ ರಿಂಗು ಬಿಗಿದು ಇಟ್ಟಿದ್ದೆ. ರಿಂಗಿನ ಕೊಂಡಿ ತುಕ್ಕು ಹಿಡಿದು ಕಲ್ಲಾಗಿತ್ತು.

ಜೇಬಲ್ಲಿ ಹೊಸ ಚಾಕು ಇತ್ತು. ಮಡಚುವ ಚಾಕು. ನಾಲ್ಕು ಸಾವಿರ ಚಿಲ್ಲರೆ ಕೊಟ್ಟು ಆನ್‌ಲೈನಲ್ಲಿ ತರಿಸಿದ್ದು. ಕಪ್ಪು ಬಣ್ಣ, ಹಿಡಿಯ ತುಂಬ ಗೀರುಗೀರು, ಡಬ್ಬದ ಮೇಲೆ ‘ಒರಟು ಕೆಲಸಕ್ಕೆ’ ಅಂತ ಇಂಗ್ಲಿಷಿನಲ್ಲಿ ದಪ್ಪ ಅಕ್ಷರ. ಎರಡು ತಿಂಗಳಿಂದ ಅದನ್ನು ಜೇಬಿನಿಂದ ತೆಗೆಯಲು ನೆಪ ಹುಡುಕುತ್ತಿದ್ದೆ. ಕೊರಿಯರ್ ಕವರು ಹರಿಯಲೂ ಅದೇ, ಮಾವಿನಕಾಯಿ ಹೆಚ್ಚಲೂ ಅದೇ. ಅಂತೂ ಒಂದು ಒರಟು ಕೆಲಸ ಸಿಕ್ಕಿತಲ್ಲ ಅಂತ ಖುಷಿಯಿಂದ ಮೊನೆಯನ್ನು ಕೊಂಡಿಯ ಸಂದಿಗೆ ತೂರಿಸಿ ಮೀಟಿದೆ.

ಟಿಕ್.

ಅನ್ನದಲ್ಲಿ ಕಲ್ಲು ಸಿಕ್ಕಿದಾಗ ಹಲ್ಲಿಗೆ ಕೇಳುತ್ತದಲ್ಲ, ಅಷ್ಟೇ ಸದ್ದು. ಮೊನೆಯ ಅರ್ಧ ಇಂಚು ಹಾರಿ ಕಾಫಿ ಗಿಡಗಳ ಬುಡಕ್ಕೆಲ್ಲೋ ಬಿತ್ತು. ಇವತ್ತಿಗೂ ಸಿಕ್ಕಿಲ್ಲ. ಕಣ್ಣಿಗೆ ಬೀಳಲಿಲ್ಲವಲ್ಲ, ಅದೇ ಪುಣ್ಯ.

ನಮ್ಮಲ್ಲಿ ತುಂಬಾ ವರ್ಷದಿಂದ ಕೆಲಸ ಮಾಡುವ ಹಿರಿಯರೊಬ್ಬರು ಪಕ್ಕದಲ್ಲೇ ಸುಣ್ಣ ಅರಳಿಸುತ್ತಿದ್ದರು. ಏನೂ ಹೇಳಲಿಲ್ಲ. ಸೊಂಟದ ಕೊಕ್ಕೆಯಿಂದ ಕತ್ತಿ ತೆಗೆದು, ತಿರುಗಿಸಿ ಹಿಡಿದು, ಬೆನ್ನಿನಿಂದ ಕೊಂಡಿಗೆ ಎರಡು ಪೆಟ್ಟು ಕೊಟ್ಟರು. ತುಕ್ಕು ಉದುರಿತು. ಆಮೇಲೆ ಕತ್ತಿಯ ಕೊಕ್ಕನ್ನು ಸಂದಿಗೆ ಸಿಕ್ಕಿಸಿ ಒಂದು ಸಲ ಎಳೆದರು. ರಿಂಗು ಬಿಚ್ಚಿಕೊಂಡಿತು. ಮತ್ತೆ ಹೋಗಿ ಸುಣ್ಣದ ಮುಂದೆ ಕೂತರು.

ಅಲ್ಲಿಗೇ ಮುಗಿಯಲಿಲ್ಲ. ಮೈಲುತುತ್ತ, ಸುಣ್ಣ ಎರಡನ್ನೂ ಬೆರೆಸಿದ ಮೇಲೆ ಅದೇ ಕತ್ತಿಯ ಬಾಯನ್ನು ಕಲ್ಲಿಗೆ ನಾಲ್ಕು ಸಲ ಉಜ್ಜಿ ಬೆಳ್ಳಗೆ ಮಾಡಿ ಬ್ಯಾರಲ್ಲಿನೊಳಗೆ ಅದ್ದಿದರು. ಸ್ವಲ್ಪ ಹೊತ್ತು ಬಿಟ್ಟು ತೆಗೆದರೆ ಅಲಗಿನ ಮೇಲೆ ತೆಳ್ಳಗೆ ತಾಮ್ರದ ಕೆಂಪು. “ಇನ್ನೊಂದು ಚೂರು ಸುಣ್ಣ” ಅಂದರು. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಅನ್ನುವುದು ಲೆಕ್ಕವೇನೋ ಸರಿ. ಆದರೆ ಸುಣ್ಣದ ಗುಣ ಎಲ್ಲ ಸಲ ಒಂದೇ ಥರ ಇರುವುದಿಲ್ಲ. ಸುಣ್ಣ ಕಮ್ಮಿಯಾದರೆ ತಾಮ್ರ ಬಿಡಿಯಾಗಿ ಉಳಿದು ಎಲೆ ಸುಡುತ್ತದೆ. ಆ ಬಿಡಿ ತಾಮ್ರವನ್ನು ಕಬ್ಬಿಣ ತನ್ನ ಮೈಮೇಲೆ ಎಳೆದುಕೊಂಡು ತೋರಿಸಿಕೊಡುತ್ತದೆ. ಸುಣ್ಣ ಹಾಕಿ ಕಲಕಿ ಮತ್ತೆ ಅದ್ದಿದಾಗ ಕತ್ತಿ ಬೆಳ್ಳಗೇ ಹೊರಗೆ ಬಂತು.

ಒಂದು ಗಂಟೆಯೊಳಗೆ ಆ ಕತ್ತಿ ಸುತ್ತಿಗೆಯಾಯಿತು, ಸನ್ನೆಕೋಲಾಯಿತು, ಪ್ರಯೋಗಶಾಲೆಯೂ ಆಯಿತು. ನನ್ನ ಜೇಬಲ್ಲಿ ಮೂಗು ಮುರಿದ ನಾಲ್ಕು ಸಾವಿರ ರೂಪಾಯಿ.

ಅವತ್ತಿನಿಂದ ಒರಟು ಕೆಲಸದ ಚಾಕು ಅಂದರೆ ಏನು ಅನ್ನುವುದನ್ನು ನಾನು ಸ್ವಲ್ಪ ಜಾಸ್ತಿಯೇ ಯೋಚನೆ ಮಾಡಿದ್ದೇನೆ. ಮನೆಯಲ್ಲಿ ಕೇಳಿದರೆ ಜಾಸ್ತಿ ಅನ್ನುವುದು ಸಣ್ಣ ಮಾತಾಯಿತು ಅಂತಾರೆ.

ಕಷ್ಟ ಶುರುವಾಗುವುದು ‘ಗಟ್ಟಿ’ ಅನ್ನುವ ಪದದಿಂದಲೇ ಅಂತ ನನಗನ್ನಿಸುತ್ತದೆ. ನಾವು ಗಾಜನ್ನೂ ಗಟ್ಟಿ ಅಂತೀವಿ, ಗೋಣಿ ಹಗ್ಗವನ್ನೂ ಗಟ್ಟಿ ಅಂತೀವಿ. ಗಾಜಿನ ಮೇಲೆ ಮೊಳೆಯಲ್ಲಿ ಗೀಚಿದರೂ ಗೆರೆ ಬೀಳುವುದು ಕಷ್ಟ, ಆದರೆ ಕೈಜಾರಿ ಬಿದ್ದರೆ ಚೂರು. ಹಗ್ಗವನ್ನು ಉಗುರಲ್ಲೇ ಕೀಳಬಹುದು, ಆದರೆ ಜೀಪನ್ನು ಕೆಸರಿನಿಂದ ಎಳೆಯುತ್ತದೆ. ಚಾಕುವಿನ ಉಕ್ಕಿಗೂ ಈ ಎರಡು ಗುಣ ಬೇರೆ ಬೇರೆ. ಒಂದು ಗಡಸು. ಅದು ಜಾಸ್ತಿ ಇದ್ದಷ್ಟೂ ಬಾಯಿ ಬೇಗ ಮೊಂಡಾಗುವುದಿಲ್ಲ. ಇನ್ನೊಂದು ತಾಳಿಕೆ. ಪೆಟ್ಟು ಬಿದ್ದಾಗ, ತಿರುಚಿದಾಗ ಮುರಿಯದೆ ಉಳಿಯುವುದು. ಒಂದನ್ನು ಏರಿಸಿದರೆ ಸಾಮಾನ್ಯವಾಗಿ ಇನ್ನೊಂದು ಇಳಿಯುತ್ತದೆ. ಎರಡೂ ಬೇಕು ಅಂದರೆ ಯಾವ ಕಮ್ಮಾರನೂ ಪೂರ್ತಿ ಕೊಡಲಾರ.

ಗಡಸನ್ನು ಅಳೆಯಲು ರಾಕ್‌ವೆಲ್ ಅಂತ ಒಂದು ಮಾಪನ ಇದೆ. ಚಾಕುವಿನ ಡಬ್ಬದ ಮೇಲೆ 58, 60 ಅಂತ ಬರೆದಿರುತ್ತಾರಲ್ಲ, ಅದೇ. ಮೀನು ಸೀಳುವ ಜಪಾನಿ ಅಡುಗೆ ಚಾಕುಗಳು 60 ದಾಟುತ್ತವೆ. ಕಾಡು ಕಡಿಯುವ ಮಚ್ಚುಗಳು 50ರ ಆಸುಪಾಸಿನಲ್ಲೇ ಇರುತ್ತವೆ. ಅಂಗಡಿಯವರು ಮಾತ್ರ ಜಾಸ್ತಿ ನಂಬರನ್ನೇ ಹೊಗಳುತ್ತಾರೆ. ನಾನೂ ಅದಕ್ಕೇ ಮರುಳಾಗಿದ್ದೆ. ನನ್ನ ಚಾಕು ಡಿ2 ಅನ್ನುವ ಉಕ್ಕಿನದು. ಅದರಲ್ಲಿ ಸುಮಾರು ಒಂದೂವರೆ ಶೇಕಡ ಇಂಗಾಲ, 12 ಶೇಕಡ ಕ್ರೋಮಿಯಂ. ಕಾರ್ಖಾನೆಯಲ್ಲಿ ತಗಡು ಕತ್ತರಿಸುವ ಅಚ್ಚುಗಳಿಗೆ ಹುಟ್ಟಿದ ಉಕ್ಕು. ಬಾಯಿ ತಿಂಗಳುಗಟ್ಟಲೆ ನಿಲ್ಲುತ್ತದೆ, ಸುಳ್ಳಲ್ಲ. ರಟ್ಟಿನ ಪೆಟ್ಟಿಗೆ ದಿನಕ್ಕೆ ನೂರು ಕೊಯ್ಯುವವರಿಗೆ ಅದು ಚಿನ್ನ. ಮೀಟಲು ಹೋದ ನನ್ನಂಥವನಿಗೆ ಟಿಕ್.

ಇನ್ನೊಂದು ವಿಷಯ. 12 ಶೇಕಡ ಕ್ರೋಮಿಯಂ ಇದ್ದ ಮೇಲೆ ತುಕ್ಕು ಹಿಡಿಯಲ್ಲ ಅಂದುಕೊಂಡಿದ್ದೆ. ಆ ಕ್ರೋಮಿಯಂನಲ್ಲಿ ಒಂದು ಪಾಲು ಇಂಗಾಲದ ಜೊತೆ ಸೇರಿ ಗಟ್ಟಿ ಕಣಗಳಾಗಿ ಕೂತುಬಿಡುತ್ತದೆ. ತುಕ್ಕು ತಡೆಯಲು ಉಳಿಯುವುದು ಮಿಕ್ಕಿದ್ದು ಮಾತ್ರ. ಜೂನ್ ತಿಂಗಳ ಬೆವರು ಮತ್ತು ಒದ್ದೆ ಪ್ಯಾಂಟಿನ ಜೇಬಿನಲ್ಲಿ ಎಂಟು ದಿನಕ್ಕೆ ಕೆಂಪು ಚುಕ್ಕೆ ಬಂತು. ಕೊಡಗಿನ ಮಳೆಗೆ ಯಾವ ಕ್ಯಾಟಲಾಗೂ ಲೆಕ್ಕವಿಲ್ಲ.

ಹಾಗಾದರೆ ಆ ಹಿರಿಯರ ಕತ್ತಿ ಯಾವ ಉಕ್ಕು? ಕೇಳಿದೆ. “ಜೀಪಿನ ಪ್ಲೇಟು” ಅಂದರು.

ಸೋಮವಾರಪೇಟೆ ದಾರಿಯಲ್ಲಿ ಒಂದು ಕುಲುಮೆ ಇದೆ. ಒಂದು ಶನಿವಾರ ನಾನೇ ಹೋಗಿ ಕೂತೆ. ಮೂಲೆಯಲ್ಲಿ ಹಳೇ ಜೀಪು, ಲಾರಿಗಳ ಸ್ಪ್ರಿಂಗ್ ಪ್ಲೇಟುಗಳ ರಾಶಿ. ಗುಂಡಿ ಬಿದ್ದ ರಸ್ತೆಯಲ್ಲಿ ಲಕ್ಷಾಂತರ ಸಲ ಬಾಗಿ, ಮತ್ತೆ ನೆಟ್ಟಗಾಗುವುದಕ್ಕೆಂದೇ ಮಾಡಿದ ಉಕ್ಕು ಅದು. ಇಂಗಾಲ ಅರ್ಧ ಶೇಕಡಕ್ಕಿಂತ ಸ್ವಲ್ಪ ಮೇಲೆ, ಅಷ್ಟೇ. ಅಮೆರಿಕದ ಚಾಕು ಮಾಡುವವರು ದೊಡ್ಡ ಕತ್ತಿಗಳಿಗೆ 5160 ಅನ್ನುವ ಉಕ್ಕನ್ನು ಮೆಚ್ಚುತ್ತಾರೆ. ಅದೂ ಮೂಲದಲ್ಲಿ ಸ್ಪ್ರಿಂಗ್ ಪ್ಲೇಟಿನದೇ ಜಾತಿ.

ಕಮ್ಮಾರರು ಪ್ಲೇಟು ತುಂಡು ಮಾಡಿ ಕಾಯಿಸಿ ಬಡಿಯುವುದನ್ನು ಎಲ್ಲರೂ ನೋಡಿರುತ್ತೀರಿ. ಕಿಡಿ ಹಾರುತ್ತದೆ, ಫೋಟೋ ಚೆನ್ನಾಗಿ ಬರುತ್ತದೆ. ಆದರೆ ಕತ್ತಿಯ ಹಣೆಬರಹ ಬರೆಯುವುದು ಆಮೇಲಿನ ಹತ್ತು ನಿಮಿಷ. ಬಡಿದು ಆಕಾರ ಬಂದ ಮೇಲೆ ಇನ್ನೊಂದು ಸಲ ಕಾಯಿಸಿದರು. ಎಷ್ಟು ಕಾಯಬೇಕು ಅಂದೆ. “ಹಣ್ಣು ಕಾಫಿ ಬಣ್ಣ” ಅಂದರು. ಪಕ್ಕದಲ್ಲಿ ತಂತಿಗೆ ಕಟ್ಟಿ ನೇತುಹಾಕಿದ್ದ ಹಳೇ ಸ್ಪೀಕರಿನ ಆಯಸ್ಕಾಂತಕ್ಕೆ ಕೆಂಪಗಾದ ಕಬ್ಬಿಣ ಮುಟ್ಟಿಸಿದರು. ಅಂಟಲಿಲ್ಲ. ಸುಮಾರು 770 ಡಿಗ್ರಿ ದಾಟಿದರೆ ಕಬ್ಬಿಣ ಆಯಸ್ಕಾಂತಕ್ಕೆ ಅಂಟುವುದಿಲ್ಲ. ಅವರಿಗೆ ಡಿಗ್ರಿ ಗೊತ್ತಿಲ್ಲ, ಬೇಕಾಗಿಯೂ ಇಲ್ಲ. ಅಂಟಲಿಲ್ಲ ಅಂದರೆ ಇನ್ನೊಂದು ಚೂರು ಕಾಯಿಸಿ ಅದ್ದಬಹುದು, ಅಷ್ಟೇ.

ಅದ್ದಿದ್ದು ನೀರಿಗಲ್ಲ, ಎಣ್ಣೆಗೆ. ಈ ಪ್ಲೇಟನ್ನು ನೀರಿಗೆ ಹಾಕಿದರೆ ಬಾಯಿ ಬಿರುಕು ಬಿಡುವ ಭಯ. ಅದೂ ಬಾಯಿಯ ಕಡೆ ಮಾತ್ರ ಅದ್ದಿದರು. ಬೆನ್ನು ಎಣ್ಣೆಯ ಮೇಲೇ ಕೆಂಪಗೆ ಉಳಿಯಿತು. ಬಾಯಿ ಗಡಸು, ಬೆನ್ನು ಮೆತ್ತಗೆ. ಮೆತ್ತಗಿನ ಬೆನ್ನು ಪೆಟ್ಟು ತಾಳುತ್ತದೆ, ಗಡಸು ಬಾಯಿ ಕಡಿಯುತ್ತದೆ. ಎರಡೂ ಬೇಕು ಅಂದರೆ ಕೊಡಲಾರರು ಅಂತ ಮೇಲೆ ಬರೆದೆನಲ್ಲ, ಇವರು ಒಂದೇ ಕಬ್ಬಿಣದಲ್ಲಿ ಎರಡನ್ನೂ ಪಕ್ಕಪಕ್ಕ ಕೂರಿಸಿದರು.

ಆಮೇಲೆ ಹದ. ಎಣ್ಣೆಯಿಂದ ತೆಗೆದ ಬಾಯಿ ಅವರ ಮಾತಿನಲ್ಲಿ ‘ಬಿರುಸು’. ಹಾಗೇ ಬಿಟ್ಟರೆ ಮೊದಲ ಪೆಟ್ಟಿಗೇ ಚೂರು ಹಾರುತ್ತದೆ. ಅಲಗಿನ ಒಂದು ಮಗ್ಗುಲನ್ನು ಕಲ್ಲಿನಿಂದ ಉಜ್ಜಿ ಬೆಳ್ಳಗೆ ಮಾಡಿ ಕೆಂಡದ ಮೇಲೆ ದೂರದಲ್ಲಿ ಹಿಡಿದರು. ನಾನು ಬಗ್ಗಿ ನೋಡುತ್ತಿದ್ದೆ. ಬೆಳ್ಳಗಿದ್ದ ಉಕ್ಕಿನ ಮೇಲೆ ಮೊದಲು ಒಣ ಹುಲ್ಲಿನ ತೆಳು ಹಳದಿ ಬಂತು. ಅದು ಬೆನ್ನಿನಿಂದ ಬಾಯಿಯ ಕಡೆ ನಿಧಾನ ನಡೆಯಿತು. ಅದರ ಹಿಂದೆಯೇ ಕಂದು. ಅದರ ಹಿಂದೆ ನೇರಳೆ. “ಹುಲ್ಲಿನ ಬಣ್ಣಕ್ಕೆ ನಿಲ್ಲಿಸಿದರೆ ಚಾಕು, ನೇರಳೆಹಣ್ಣಿಗೆ ನಿಲ್ಲಿಸಿದರೆ ಕತ್ತಿ” ಅಂದರು. ನೇರಳೆ ಬಾಯಿಯ ಅಂಚು ಮುಟ್ಟುತ್ತಿದ್ದಂತೆ ಸರಕ್ಕನೆ ಎಳೆದು ಎಣ್ಣೆಗೆ ತೋರಿಸಿದರು. ಹುಲ್ಲಿನ ಹಳದಿಗೂ ನೀಲಿಗೂ ನಡುವೆ ಇರುವುದು ಎಪ್ಪತ್ತು ಎಂಬತ್ತು ಡಿಗ್ರಿ ಅಷ್ಟೇ. ಹಳದಿ 220ರ ಆಚೀಚೆ, ನೀಲಿ 300ರ ಹತ್ತಿರ. ಆ ಕತ್ತಲೆ ಕುಲುಮೆಯಲ್ಲಿ ಅವರು ಕಣ್ಣಳತೆಯಲ್ಲಿ ಹಿಡಿದದ್ದು ಅದನ್ನು. ಕುಲುಮೆ ಯಾಕೆ ಇಷ್ಟು ಕತ್ತಲೆ ಅಂತ ಚಿಕ್ಕಂದಿನಿಂದ ಅಂದುಕೊಳ್ಳುತ್ತಿದ್ದೆ. ಬಿಸಿಲಲ್ಲಿ ಈ ಬಣ್ಣಗಳು ಸರಿಯಾಗಿ ಕಾಣುವುದೇ ಇಲ್ಲ.

ವೂಟ್ಜ್ ಅಂತ ಯುರೋಪಿನವರು ಬೆರಗಾಗಿ ಕರೆದ ದಕ್ಷಿಣ ಭಾರತದ ಹಳೇ ಉಕ್ಕಿನ ಹೆಸರು ನಮ್ಮ ‘ಉಕ್ಕು’ ಪದದಿಂದಲೇ ಹೋಯಿತು ಅಂತಾರೆ. ಮೈಕೆಲ್ ಫ್ಯಾರಡೆಯಂಥ ವಿಜ್ಞಾನಿ 1820ರ ಸುಮಾರಿಗೆ ಅದರ ಗುಟ್ಟು ಹಿಡಿಯಲು ಹೆಣಗಾಡಿದ್ದ. ಈ ವಿಷಯ ಕಮ್ಮಾರರಿಗೆ ಹೇಳಿದೆ. “ಹೌದಾ” ಅಂದು ಬೀಡಿ ಹಚ್ಚಿಕೊಂಡರು.

ಸರಿ, ಕಬ್ಬಿಣದ ಮಾತು ಸಾಕು. ನಾನು ಕಂಡುಕೊಂಡದ್ದು ಇಷ್ಟು: ಒರಟು ಕೆಲಸದ ಚಾಕು ಕೊಳ್ಳುವಾಗ ಅದು ಎಷ್ಟು ಚೆನ್ನಾಗಿ ಕೊಯ್ಯುತ್ತದೆ ಅಂತ ಕೇಳುವುದಕ್ಕಿಂತ ಅದು ಹೇಗೆ ಕೆಡುತ್ತದೆ ಅಂತ ಕೇಳಬೇಕು. ಹೊಸ ಚಾಕು ಎಲ್ಲವೂ ಕೊಯ್ಯುತ್ತವೆ. ಕಲ್ಲಿಗೆ ಬಿದ್ದಾಗ, ಬೇಲಿಯ ತಂತಿಗೆ ತಾಗಿದಾಗ, ಅಳಿಯ ಬಂದು ಮೊಳೆ ಕೀಳಲು ತಗೊಂಡಾಗ ಏನಾಗುತ್ತದೆ? ಬಾಯಿ ಮಡಚಿಕೊಂಡರೆ ಕಲ್ಲಿಗೆ ಉಜ್ಜಿ ನೆಟ್ಟಗೆ ಮಾಡಬಹುದು. ಚೂರು ಹಾರಿದರೆ ಆ ಹಲ್ಲು ಹೋಗುವವರೆಗೆ ಇಡೀ ಬಾಯಿ ತೇಯಬೇಕು. ಬೆನ್ನೇ ಮುರಿದರೆ ಗುಜರಿ. ಹಳಬರು ಕತ್ತಿ ಕೊಳ್ಳುವಾಗ ಒಂದು ಪರೀಕ್ಷೆ ಮಾಡುತ್ತಿದ್ದರು. ಹಿತ್ತಾಳೆ ಸರಳಿನ ಮೇಲೆ ಬಾಯಿಯನ್ನು ಓರೆಯಾಗಿ ಒತ್ತಿ ಎಳೆಯುವುದು. ಅಂಚು ಒಂದಿಷ್ಟು ಬಾಗಿ ಮತ್ತೆ ಎದ್ದು ನಿಂತರೆ ಹದ ಸರಿ. ಬಾಗಿದ್ದು ಬಾಗಿದಂತೇ ಉಳಿದರೆ ಮೆತ್ತಗೆ. ಚಿಪ್ಪು ಎದ್ದರೆ ಬಿರುಸು. ಆನ್‌ಲೈನಲ್ಲಿ ಕೊಂಡರೆ ಇದನ್ನು ಮನೆಗೆ ಬಂದ ಮೇಲೆ ಮಾಡಬಹುದು. ವಾಪಸ್ ತಗೊಳ್ಳುತ್ತಾರೋ ಇಲ್ಲವೋ ಅದು ಬೇರೆ ಮಾತು.

ನಮ್ಮ ತೋಟದ ಕೆಲಸವಾದರೂ ಎಂಥದ್ದು? ಒಂದೇ ದಿನ ಮೂರು ಥರ. ಬೆಳಗ್ಗೆ ರೋಬಸ್ಟಾ ಕಾಫಿ ಗಿಡದ ಬೇಡದ ಚಿಗುರು ಸವರಬೇಕು, ಮೆತ್ತಗಿನ ಕೆಲಸ. ಮಧ್ಯಾಹ್ನ ಒಣಗಿದ ಕಾಫಿ ಬೊಡ್ಡೆ, ಅದು ಕಲ್ಲು. ಸಂಜೆ ದಾರಿಗೆ ಬಗ್ಗಿದ ಬಿದಿರು. ಬಿದಿರು ಮೋಸಗಾರ. ನೋಡಲು ಹಸಿರು, ಒಳಗೆ ಮರಳಿನದೇ ಅಂಶ. ಬಾಯಿಯನ್ನು ತಿಂದುಹಾಕುತ್ತದೆ. ನಡುವೆ ಲಂಟಾನದ ಪೊದೆ ಎಳೆಯಲು ಕೊಕ್ಕು ಬೇಕು. ಆ ಕೊಕ್ಕು ಸುಮ್ನೆ ಚೆಂದಕ್ಕೆ ಅಲ್ಲ. ನೆಲದ ಹತ್ತಿರ ಕಡಿಯುವಾಗ ಮೊದಲು ಕಲ್ಲಿಗೆ ತಾಗುವುದು ಅದೇ, ಬಾಯಿ ಉಳಿಯುತ್ತದೆ. ಮದುವೆಯಲ್ಲಿ ಬಾಳೆ ಕಡಿಯುವ ಒಡಿಕತ್ತಿ ನೋಡಿದ್ದೀರಲ್ಲ. ಅದು ಒಳಕ್ಕೆ ಬಾಗಿದ ಅಗಲ ಮೂತಿಯ ಕತ್ತಿ. ತೂಕವೆಲ್ಲ ಮುಂದೆ. ಬಾಳೆದಿಂಡು ನೀರು ತುಂಬಿದ ಪದರ, ಒಂದೇ ಏಟಿಗೆ ಸರಕ್ಕನೆ ಬೀಳುತ್ತದೆ, ನೆಂಟರೆಲ್ಲ ಹೋ ಅನ್ನುತ್ತಾರೆ. ಅದನ್ನು ನೋಡಿ ಉತ್ಸಾಹ ಬಂದು ಅದೇ ಕತ್ತಿಯಲ್ಲಿ ಕಾಫಿ ಬೊಡ್ಡೆಗೆ ಹೊಡೆದ ನಮ್ಮ ಬೆಂಗಳೂರಿನ ನೆಂಟನ ಕಥೆ ಇಲ್ಲಿ ಬೇಡ.

2018ರ ಆಗಸ್ಟ್ ನೆನಪಾಗುತ್ತದೆ. ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳೇ ಜಾರಿದ ಮಳೆ. ನಮ್ಮ ಕಡೆ ಅಷ್ಟಾಗಲಿಲ್ಲ, ಆದರೆ ಮನೆಗೆ ಬರುವ ದಾರಿಗೆ ಮೂರು ಕಡೆ ಮರ ಬಿದ್ದಿತ್ತು. ಕರೆಂಟಿಲ್ಲ. ಚೈನ್ ಗರಗಸ ಇತ್ತು, ಪೆಟ್ರೋಲ್ ತರಲು ಹೋಗಬೇಕಾದರೆ ಅದೇ ದಾರಿಯಲ್ಲಿ ಹೋಗಬೇಕು. ಒಂಬತ್ತು ಜನ ಕತ್ತಿ, ಕೊಡಲಿ ಹಿಡಿದು ಒಂದು ಇಡೀ ದಿನ ಕಡಿದೆವು. ಸಿಲ್ವರ್ ಓಕ್ ಬೇಗ ಆಯಿತು. ಒಂದು ಹಲಸು ಮಾತ್ರ ಅಂಟು ಬಿಟ್ಟುಕೊಂಡು ನಮ್ಮನ್ನು ಅರೆಯಿತು. ಸಂಜೆ ಎಲ್ಲರ ಕತ್ತಿಯ ಬಾಯೂ ಹೋಗಿತ್ತು. ಒಂದೂ ಮುರಿದಿರಲಿಲ್ಲ. ರಾತ್ರಿ ಲಾಟೀನಿನ ಬೆಳಕಲ್ಲಿ ಕೊಬ್ಬರಿ ಎಣ್ಣೆ ಹಚ್ಚಿ ಅಂಟು ತೆಗೆದು, ಕಲ್ಲಿಗೆ ಮಸೆದು, ಮರುದಿನ ಮತ್ತೆ.

ಮಡಚುವ ಚಾಕುವಿನ ಇನ್ನೊಂದು ಕಥೆ ಹೇಳಲೇಬೇಕು, ನಾಚಿಕೆಯಾದರೂ. ಮೂಗು ಮುರಿದದ್ದನ್ನು ಎಸೆಯಲು ಮನಸ್ಸು ಬರಲಿಲ್ಲ. ತುದಿಯನ್ನು ತೇದು ಮೊಂಡು ಮೊನೆ ಮಾಡಿ ಇಟ್ಟುಕೊಂಡೆ. ಜುಲೈಯಲ್ಲಿ ಪೈಪಿನ ಗುಂಡಿಯೊಳಗೆ ಕೂತು ರಬ್ಬರ್ ಹೋಸು ಕೊಯ್ಯುತ್ತಿದ್ದೆ. ಅದರ ಲಾಕು ಅಂದರೆ ಹಿಡಿಯೊಳಗಿನ ಒಂದು ತೆಳು ತಗಡು. ಅಲಗು ಬಿಚ್ಚಿಕೊಂಡಾಗ ಅದು ಅಲಗಿನ ಹಿಂದೆ ಬಂದು ಒತ್ತಿ ನಿಲ್ಲಬೇಕು. ಕೆಸರು ಹೋಗಿ ಅದು ಪೂರ್ತಿ ಕೂತಿರಲಿಲ್ಲ. ಹೋಸಿನಲ್ಲಿ ಅಲಗು ಸಿಕ್ಕಿಕೊಂಡಿತು. ಬಿಡಿಸಲು ಹಿಂದಕ್ಕೆ ಅಲ್ಲಾಡಿಸಿದೆ. ಮಡಚಿ ತೋರುಬೆರಳ ಮೇಲೆ ಬಂತು. ಮೂರು ಹೊಲಿಗೆ. ಅಲಗಿನ ಬೆನ್ನಿಗೆ ಒತ್ತಡ ಬೀಳುವ ಕೆಲಸವನ್ನು ಮಡಚುವ ಚಾಕುವಿಗೆ ಕೊಡಬಾರದು ಅಂತ ಡಾಕ್ಟರೂ ಹೇಳಲಿಲ್ಲ, ಡಬ್ಬದ ಮೇಲೂ ಬರೆದಿರಲಿಲ್ಲ. ಡಾಕ್ಟರು ಬೇರೇನೋ ಹೇಳಿದರು.

ಆಮೇಲೆ ಒರಟು ಕೆಲಸಕ್ಕೆ ಮಡಚುವುದನ್ನೇ ಬಿಟ್ಟೆ. ಕೀಲಿರುವುದು ಎಲ್ಲಿದ್ದರೂ ಮೊದಲು ಸೋಲುವುದು ಕೀಲಿನಲ್ಲೇ. ನನ್ನ ಮಂಡಿಯೇ ಅದಕ್ಕೆ ಸಾಕ್ಷಿ.

ಈಗ ಜೇಬಿನ ಬದಲು ಸೊಂಟದಲ್ಲಿ ಸ್ವೀಡನ್ನಿನ ಒಂದು ಮೋರಾ ಚಾಕು ಇದೆ. ನಾಲ್ಕು ಇಂಚಿನ ಅಲಗು, ಪ್ಲಾಸ್ಟಿಕ್ ಒರೆ, ರಬ್ಬರು ಸುತ್ತಿದ ಹಿಡಿ. ನೋಡಲು ಪೇಂಟಿಂಗ್ ಕೆಲಸದವರ ಸಾಮಾನಿನ ಥರ. ಅಲಗಿನ ಬಾಲ ಹಿಡಿಯ ಕೊನೆಯವರೆಗೆ ಹೋಗುವುದಿಲ್ಲ ಅಂತ ಶಾಸ್ತ್ರ ಬಲ್ಲವರು ಮೂಗು ಮುರಿಯುತ್ತಾರೆ. ಒರಟು ಚಾಕುವಿಗೆ ಪೂರ್ತಿ ಬಾಲ ಬೇಕು ಅನ್ನುವುದು ಅವರ ವೇದ. ತಪ್ಪಲ್ಲ, ಸೌದೆ ಸೀಳಲು ಚಾಕುವಿನ ಬೆನ್ನ ಮೇಲೆ ಕೊರಡಿನಿಂದ ಹೊಡೆಯುವವರಿಗೆ ಅದು ಬೇಕು. ನನ್ನ ಹತ್ತಿರ ಅದಕ್ಕೆ ಕತ್ತಿ ಇದೆಯಲ್ಲ. ನಮ್ಮ ಕತ್ತಿಯ ಬಾಲವೂ ಇಲಿಬಾಲದಂತೆ ಸಣ್ಣಗಾಗಿ ಹಿಡಿಯೊಳಗೆ ಹೋಗುವುದೇ. ಅದು ತಲೆಮಾರು ಬಾಳುತ್ತಿಲ್ಲವೇ?

ನಡುವೆ ಫ್ರಾನ್ಸಿನ ಓಪಿನೆಲ್ ಒಂದು ಕೊಂಡಿದ್ದೆ, ಮಡಚುವುದು ಬಿಡುವ ಮೊದಲು. ಜೋಸೆಫ್ ಓಪಿನೆಲ್ ಅನ್ನುವವನು 1890ರಲ್ಲಿ ಶುರು ಮಾಡಿದ ಮರದ ಹಿಡಿಯ ಚಾಕು. 1955ರಲ್ಲಿ ಕತ್ತಿನ ಬಳಿ ತಿರುಗುವ ಬಳೆಯ ಲಾಕು ಸೇರಿಸಿದರು. ಹಣ್ಣು, ರೊಟ್ಟಿಗೆ ಅದರಷ್ಟು ಚೆಂದ ಕೊಯ್ಯುವ ಚಾಕು ನಾನು ಕಂಡಿಲ್ಲ. ಆದರೆ ಜೂನ್ ಹತ್ತಕ್ಕೆ ಹಿಡಿಯ ಮರ ನೀರು ಕುಡಿದು ಉಬ್ಬಿ ಅಲಗನ್ನು ಕಚ್ಚಿಕೊಂಡಿತು. ಉಗುರಿಂದ ಎಳೆದರೆ ಬರದು. ಅದರ ಊರಿನವರು ಹಿಡಿಯ ಹಿಂಭಾಗವನ್ನು ಮೇಜಿಗೆ ಕುಟ್ಟಿ ಅಲಗನ್ನು ಹೊರಗೆ ತರುತ್ತಾರಂತೆ. ನಾನೂ ಕುಟ್ಟಿದೆ. ಅಕ್ಟೋಬರ್‌ವರೆಗೆ ಕುಟ್ಟುತ್ತಲೇ ಇದ್ದೆ. ಈಗ ಅದು ಅಡುಗೆಮನೆಯಲ್ಲಿ ಕಿತ್ತಳೆ ಸುಲಿಯುತ್ತಾ ಸುಖವಾಗಿದೆ.

ಸ್ಟೇನ್‌ಲೆಸ್ಸೋ ಕಾರ್ಬನ್ನೋ ಅಂತ ಕೇಳುವವರಿಗೆ ನನ್ನ ಉತ್ತರ ಋತುವಿನ ಮೇಲೆ. ಸೊಂಟದ ಸಣ್ಣ ಚಾಕು ಸ್ಟೇನ್‌ಲೆಸ್ ಇರಲಿ. ನಿಂಬೆ, ಬಾಳೆಕಾಯಿ, ಬೆವರು ಎಲ್ಲ ಅದಕ್ಕೆ ತಾಗುತ್ತವೆ, ಒರೆಸಲು ನಮಗೆ ನೆನಪಿರುವುದಿಲ್ಲ. 1913ರಲ್ಲಿ ಶೆಫೀಲ್ಡಿನ ಹ್ಯಾರಿ ಬ್ರಿಯರ್ಲಿ ತುಕ್ಕು ಹಿಡಿಯದ ಉಕ್ಕು ಮಾಡಿದಾಗ ‘ಕೊಯ್ಯದ ಚಾಕು ಕಂಡುಹಿಡಿದವನು’ ಅಂತ ಊರಿನವರು ನಕ್ಕಿದ್ದರಂತೆ. ಈಗಿನದು ಹಾಗಲ್ಲ, ಚೆನ್ನಾಗಿಯೇ ಕೊಯ್ಯುತ್ತದೆ. ದೊಡ್ಡ ಕತ್ತಿ ಮಾತ್ರ ಕಾರ್ಬನ್ನೇ ಇರಲಿ. ತುಕ್ಕು ಹಿಡಿಯಲಿ, ತೊಂದರೆಯಿಲ್ಲ. ದಿನಾ ಕಲ್ಲಿಗೆ ಉಜ್ಜುವ ಕತ್ತಿಗೆ ತುಕ್ಕು ಹಿಡಿಯಲು ಪುರುಸೊತ್ತೆಲ್ಲಿ? ಬೋರ್ಡೋ ಪರೀಕ್ಷೆಗೂ ಅದೇ ಬೇಕು. ಸ್ಟೇನ್‌ಲೆಸ್ಸಿನ ಮೈಮೇಲಿನ ಪದರ ತಾಮ್ರವನ್ನು ಹತ್ತಿರ ಬಿಡುವುದಿಲ್ಲ, ಆ ಪರೀಕ್ಷೆ ನಂಬಲಾಗದು.

ಚರ್ಮದ ಒರೆ ಕೊಳ್ಳಬೇಡಿ, ಇಲ್ಲಿಯವರಾದರೆ. ನಾನು ಕೊಂಡಿದ್ದೆ. ಆಗಸ್ಟ್‌ಗೆ ಅದರ ಮೇಲೆ ಹಸಿರು ಬೂಷ್ಟು, ಒಳಗೆ ಚಾಕು ಕಂದು.

ಸಾಣೆಯ ಬಗ್ಗೆ ಒಂದು ಗೋಳು ಇದೆ. ವರ್ಷಕ್ಕೊಮ್ಮೆ ಸೈಕಲ್ಲಿಗೆ ಸಾಣೆಚಕ್ರ ಕಟ್ಟಿಕೊಂಡು ಬರುವವರು ಇದ್ದಾರೆ. ಕಿಡಿ ಹಾರಿಸುತ್ತಾ ಎರಡು ನಿಮಿಷಕ್ಕೆ ಕೊಡುತ್ತಾರೆ. ಒಂದು ಸಲ ಒಳ್ಳೆಯ ಕತ್ತಿ ಕೊಟ್ಟೆ. ವಾಪಸ್ ಬಂದಾಗ ಬಾಯಿಯ ಅಂಚಿನಲ್ಲಿ ನವಿಲಿನ ಕತ್ತಿನಂಥ ನೀಲಿ. ಚೆಂದ ಕಾಣುತ್ತದೆ ಅಂದುಕೊಂಡೆ. ಕುಲುಮೆಯಲ್ಲಿ ಕೂತು ಬಂದ ಮೇಲೇ ಅದರ ಅರ್ಥ ಆದದ್ದು. ಚಕ್ರದ ಕಾವಿಗೆ ಅಂಚು 300 ಡಿಗ್ರಿಯ ಹತ್ತಿರ ಹೋಗಿ ಹದ ಕಳೆದುಕೊಂಡಿದೆ. ಆ ನೀಲಿ ಸವೆದು ಹೋಗುವವರೆಗೆ ಬಾಯಿ ನಿಲ್ಲುವುದಿಲ್ಲ. ಈಗ ನೂರಿನ್ನೂರು ರೂಪಾಯಿಯ ಎರಡು ಮಗ್ಗುಲಿನ ಕಲ್ಲು, ಒಂದು ತಂಬಿಗೆ ನೀರು. ಒರಟು ಮಗ್ಗುಲಿಗೆ ಹತ್ತು, ನಯದ ಮಗ್ಗುಲಿಗೆ ಹತ್ತು. ಓರೆ ಎಷ್ಟಿರಬೇಕು ಅಂದರೆ, ಒಂದು ಕಾಗದದ ಚಚ್ಚೌಕ ಮೂಲೆಯನ್ನು ಒಂದು ಸಲ ಮಡಚಿದರೆ 45 ಡಿಗ್ರಿ, ಇನ್ನೊಂದು ಸಲ ಮಡಚಿದರೆ 22 ಚಿಲ್ಲರೆ. ಅದನ್ನು ಕಲ್ಲಿನ ಮೇಲಿಟ್ಟು ಚಾಕುವನ್ನು ಅಷ್ಟು ಎತ್ತಿ ಹಿಡಿಯಿರಿ. ಕತ್ತಿಗೆ ಇನ್ನೂ ಒಂದು ಚೂರು ಜಾಸ್ತಿ ಎತ್ತಬೇಕು. ಕೂದಲು ಕ್ಷೌರ ಮಾಡುವಷ್ಟು ಚೂಪು ಬೊಡ್ಡೆ ಕಡಿಯುವ ಕತ್ತಿಗೆ ಬೇಡ. ಮೊದಲ ಏಟಿಗೇ ಮಡಚುತ್ತದೆ.

ಕಾನೂನಿನ ಬಗ್ಗೆಯೂ ಕೆಲವರು ಕೇಳುತ್ತಾರೆ. ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ದರೆ ಅದು ಆಯುಧದ ಲೆಕ್ಕಕ್ಕೆ ಬರುತ್ತದೆ. ಮನೆಗೆಲಸ, ಕೃಷಿಗೆಂದು ಮಾಡಿದವಕ್ಕೆ ವಿನಾಯಿತಿ. ತೋಟದಲ್ಲಿ ಕತ್ತಿ ಹಿಡಿದವನನ್ನು ಯಾರೂ ಕೇಳುವುದಿಲ್ಲ. ಅದೇ ಕತ್ತಿಯನ್ನು ಬೆಂಗಳೂರಿನ ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ಕೂತರೆ ಕೇಳುತ್ತಾರೆ, ಕೇಳಲೂ ಬೇಕು. ನಾನಂತೂ ವಿಮಾನ ನಿಲ್ದಾಣದ ಡಬ್ಬಕ್ಕೆ ಒಂದು ಸ್ವಿಸ್ ಚಾಕು ದಾನ ಮಾಡಿ ಬಂದವನು.

ನಮ್ಮ ಮನೆಯಲ್ಲಿ ಸೆಪ್ಟೆಂಬರ್ 3ರ ಕೈಲ್ ಮುಹೂರ್ತಕ್ಕೆ, ಅಂದರೆ ಕೊಡಗಿನ ಆಯುಧಪೂಜೆಗೆ, ಎಲ್ಲ ಆಯುಧ ತೊಳೆದು ಸಾಲಾಗಿ ಇಡುತ್ತೇವೆ. ನಾಟಿ ಮುಗಿದಿರುತ್ತದೆ, ಮಳೆ ಒಂದಿಷ್ಟು ಬಿಡುವು ಕೊಟ್ಟಿರುತ್ತದೆ, ಬೇಲಿಯ ಮೇಲೆ ತೋಕ್ ಹೂ ಕೆಂಪು ಹಳದಿ ಬೆಂಕಿಯಂತೆ ಅರಳಿರುತ್ತದೆ. ಕೋವಿಗೊಂದು ಹೂ, ಕತ್ತಿಗೊಂದು ಹೂ, ಕೊಡಲಿಗೊಂದು. ಕಳೆದ ಸಲ ಮಗಳು ನನ್ನ ಮೂಗು ಮುರಿದ ಚಾಕುವನ್ನೂ ತಂದು ಸಾಲಿನ ಕೊನೆಗೆ ಇಟ್ಟಳು. ಬೆರಳು ಕೊಯ್ದದ್ದಕ್ಕೆ ಶಿಕ್ಷೆ ಅಂತ ಅದಕ್ಕೆ ಹೂ ಇಡಲಿಲ್ಲ. ಹಿರಿಯರು ಬಂದವರು ಸಾಲನ್ನು ಒಮ್ಮೆ ನೋಡಿದರು. ಬಗ್ಗಿ ಕತ್ತಿಯ ಹೂವಿನ ಒಂದು ಎಸಳು ಕಿತ್ತು ಅದರ ಮೇಲಿಟ್ಟರು. ಆಮೇಲೆ ಊಟ, ಕಡಂಬುಟ್ಟು, ಪಂದಿ ಕರಿ. ಆ ಕಡೆ ಯಾರ ಗಮನವೂ ಇರಲಿಲ್ಲ.

ಅವರ ಕತ್ತಿಯ ಹಿಡಿ ಮೊನ್ನೆಯಿಂದ ಅಲ್ಲಾಡುತ್ತಿದೆ. ಸೀಬೆ ಮರದ ಹಿಡಿ, ಅವರೇ ಕೆತ್ತಿದ್ದು. ಹಿಡಿಯ ತೂತಿಗೆ ಅರಗಿನ ಪುಡಿ ತುಂಬಿ, ಕತ್ತಿಯ ಬಾಲವನ್ನು ಕೆಂಪಗೆ ಕಾಯಿಸಿ ಒಳಗೆ ತೂರಿಸಿ, ತಣ್ಣಗಾಗುವವರೆಗೆ ಅಲ್ಲಾಡಿಸದೆ ನಿಲ್ಲಿಸಬೇಕು. ಕಾಯಿಸುವಾಗ ಅಲಗಿಗೆ ಒದ್ದೆ ಬಟ್ಟೆ ಸುತ್ತಬೇಕು, ಇಲ್ಲದಿದ್ದರೆ ಕಾವು ಬಾಯಿವರೆಗೆ ಹೋಗಿ ಹದ ಕೆಡುತ್ತದೆ. ಈ ಸಲ ನೀನೇ ಮಾಡು ಅಂದಿದ್ದಾರೆ. ಶುಕ್ರವಾರ ಮಡಿಕೇರಿ ಸಂತೆಗೆ ಹೋದಾಗ ಅರಗು ಸಿಗುತ್ತದಾ ನೋಡಬೇಕು.